ಹಳ್ಳದ ಹೆಸರಿಲ್ಲದ ಪುಸ್ತಕ

ಟಾಲ್ಕಾಟ್ ಪಾರ್ಕಿಗೆ ನೂರು ತುಂಬಿತು.
ಪುರಭವನದಲ್ಲಿ ಕೇಕು ಕೊಯ್ದರು, ಬ್ಯಾಂಡು ಬಾರಿಸಿದರು,
ಹೊಳಪು ಕಾಗದದ ಚರಿತ್ರೆಯೊಂದನ್ನು ಪುಕ್ಕಟೆ ಹಂಚಿದರು.
ನಲವತ್ತೆಂಟು ಪುಟ.
ಹಳ್ಳದ ಹೆಸರು ಎಲ್ಲೂ ಇಲ್ಲ.

ನಾನು ಸ್ಟಾನ್ ಕುಬಿಯಾಕ್. ಮೂವತ್ತೊಂದು ವರ್ಷ
ಈ ಊರ ಚರಂಡಿಗಳಲ್ಲಿ ದುಡಿದವನು.
ಊರನ್ನು ಕೆಳಗಿನಿಂದ ಬಲ್ಲೆ,
ದನದ ಡಾಕ್ಟರು ದನವನ್ನು ಬಲ್ಲ ಹಾಗೆ.

ಮೊದಲು ಬರೀ ಜೌಗು. ಡಚ್ಚರು ಬಂದರು, ಮರದ ಮೆಟ್ಟು ಮೆಟ್ಟಿ,
ಹೂಳದಿರಲೆಂದು ಕುದುರೆಗಳ ಕಾಲಿಗೂ ಹಲಗೆ ಕಟ್ಟಿ,
ಕಪ್ಪು ಕೆಸರಿನಲ್ಲಿ ಸೆಲರಿ ಬೆಳೆದರು.
ಅವರಿಗೂ ಮೊದಲಿದ್ದವರು?
ಪುಸ್ತಕದಲ್ಲಿ ಒಂದೇ ಸಾಲು: 'ಅವರು ಹೊರಟುಹೋದರು.'
ಬಸ್ಸು ಹತ್ತಿ ಹೋದವರ ಹಾಗೆ.

ಆಮೇಲೆ ಟ್ರಾಮಿನ ಹಳಿ. ಹಳಿಯ ಹಿಂದೆಯೇ
ವಿಲ್ಬರ್ ಟಾಲ್ಕಾಟ್ ಎಂಬ ನಗುಮುಖದವನು.
ಗದ್ದೆಗೆ ದಾರ ಹಿಡಿದ, ಗೂಟ ಹೊಡೆದ,
ಬೀದಿಗೊಂದು ಹೆಸರಿಟ್ಟ: ಓಕ್, ಎಲ್ಮ್, ಮೇಪಲ್.
ಒಂದು ಮರವೂ ಇರಲಿಲ್ಲ ಆಗ.
ಹಳ್ಳ ಅಡ್ಡ ಬಂತು. ಇಟ್ಟಿಗೆಯ ಕೊಳವೆಯೊಳಗೆ ಅದನ್ನು ನೂಕಿ
ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು,
ಹುಲ್ಲಿನ ಮೇಲೆ ಬಿಳಿ ಬೇಲಿ.

ಕ್ರಯಪತ್ರದ ಏಳನೆಯ ಕಲಮನ್ನು ನಾನೇ ಓದಿದ್ದೇನೆ,
ದಾಖಲೆ ಕೋಣೆಯಲ್ಲಿ ಪೈಪುಗಳ ನಕ್ಷೆ ಹುಡುಕುವಾಗ:
'ಮನೆಗೆಲಸದ ಆಳುಗಳ ಹೊರತು ಬಿಳಿಯರಲ್ಲದವರಾರೂ
ಸದರಿ ನಿವೇಶನದಲ್ಲಿ ವಾಸಿಸತಕ್ಕದ್ದಲ್ಲ.'
ಎಂಟನೆಯದು: ಕೋಳಿ ಸಾಕಕೂಡದು.
ಎರಡಕ್ಕೂ ಒಂದೇ ಶಾಯಿ, ಅದೇ ದುಂಡನೆಯ ಕೈ.

ಯುದ್ಧ ಮುಗಿಯಿತು, ಹುಡುಗರು ಮರಳಿದರು, ಸಾಲ ಸಿಕ್ಕಿತು.
ಒಂದೇ ಎರಕದ ಮುನ್ನೂರು ಮನೆ ಎದ್ದವು.
ಕುಡಿದು ಬಂದವರು ಪಕ್ಕದ ಮನೆಯ ಬೀಗಕ್ಕೆ ಕೀಲಿ ತುರುಕಿ
'ಹೆಂಡತಿ ಬೀಗ ಬದಲಿಸಿದಳು' ಎಂದು ಅತ್ತದ್ದುಂಟು,
ನನ್ನಪ್ಪನೂ ಒಮ್ಮೆ.
ನಮ್ಮ ಮನೆತನದ ಹೆಸರು ಕೇಳಿ ಮೊದಮೊದಲು ಮೂಗು ಮುರಿದರು,
ಆಮೇಲೆ ಬೋಲಿಂಗ್ ತಂಡಕ್ಕೆ ಸೇರಿಸಿಕೊಂಡರು.
ಸೇರಿದ್ದೇ ತಡ, ನಾವೇ ಬಾಗಿಲು ಕಾಯಲು ನಿಂತೆವು.
ಹೊಳೆ ದಾಟಿದವನಿಗೆ ಅಂಬಿಗನ ಹಂಗೇನು.

ಅರವತ್ತಮೂರರ ಮಾರ್ಚಿನಲ್ಲಿ ಎಲ್ಮ್ ಬೀದಿಗೆ
ಒಡೆಲ್ ಟ್ಯಾನ್ಸಿಲ್ ಬಂದ; ಹೆಂಡತಿ ವರ್ನೀಸ್,
ಇಬ್ಬರು ಮಕ್ಕಳು, ಒಂದು ಪಿಯಾನೊ.
ಕಿಟಕಿಗೆ ಕಲ್ಲು ಬಿತ್ತು.
'ಅದು ಬದಲಾವಣೆಯ ಕಾಲ' ಎನ್ನುತ್ತದೆ ಪುಸ್ತಕ.
ಕಲ್ಲು ಬೀರಿದ ಕೈಗಳ ಹೆಸರು ನನಗೆ ಗೊತ್ತು.
ಅದರಲ್ಲೊಂದು ನಮ್ಮ ಮನೆಯದು.

ಏಪ್ರಿಲಿನಲ್ಲಿ ಎರಡು ಹಗಲು ಎರಡು ರಾತ್ರಿ ಮಳೆ.
ಕೊಳವೆ ಬಿರಿಯಿತು.
ಹಳ್ಳ ಎದ್ದು ಬಂತು, ಒಂದೊಂದೇ ನೆಲಮಾಳಿಗೆಗೆ,
ಕದ ತಟ್ಟದೆ, ಕ್ರಯಪತ್ರ ಓದದೆ.
ಎಲ್ಲರ ಮನೆಯಲ್ಲೂ ಅದೇ ಕಪ್ಪು ಕೆಸರು.
ಬೀದಿಗೆಲ್ಲ ಒಂದೇ ಪಂಪು, ಅದು ಟ್ಯಾನ್ಸಿಲನದು.
ಅಪ್ಪ ಮೊಣಕಾಲು ನೀರಿನಲ್ಲಿ ನಿಂತು ಆ ಮನೆಯ ದಿಕ್ಕಿಗೆ
ಬಹಳ ಹೊತ್ತು ನೋಡಿದ. ಕೇಳಲಿಲ್ಲ. ಬಕೆಟಿನಲ್ಲಿ ಮೊಗೆದ.
ಅಮ್ಮ ಹೋದಳು.
ರಟ್ಟು ಅಂಟಿಸಿದ ಕಿಟಕಿಯ ಮನೆಯಿಂದ
ಒಡೆಲ್ ಪಂಪು ಹೊತ್ತು ಬಂದ. ಮಾತಿಲ್ಲ. ನೀರು ಇಳಿಯಿತು.
ಅಮ್ಮ ಕಾಫಿ ಕೊಟ್ಟಳು. ಕುಡಿಯದೆ ಹೋದ.

ಮರುವರ್ಷ ಅಪ್ಪ ಮನೆ ಮಾರಿ ಇನ್ನೂ ದೂರದ,
ಇನ್ನೂ ಹೊಸ ಊರಿಗೆ ಹೊರಟ. ಅವನೂ 'ಹೊರಟುಹೋದ'.
ನಾನು ಕೆಲಸದ ನೆಪದಲ್ಲಿ ಮರಳಿದೆ.

ಟ್ರಾಮಿನ ನಿಲ್ದಾಣ ಮಾಲ್ ಆಯಿತು,
ಮಾಲ್ ಪಾಳುಬಿತ್ತು, ಪಾರ್ಕಿಂಗಿನ ಬಿರುಕುಗಳಲ್ಲಿ ಜೊಂಡು ಬೆಳೆಯಿತು,
ಜೌಗಿನದೇ ಜೊಂಡು.
ಮೊನ್ನೆ ಅಲ್ಲಿ ಯೆಮನಿನವನೊಬ್ಬ ರೊಟ್ಟಿ ಅಂಗಡಿ ತೆರೆದಿದ್ದಾನೆ.

ಸಮಾರಂಭದ ಕೊನೆಯ ಸಾಲಿನಲ್ಲಿ ವರ್ನೀಸ್ ಕೂತಿದ್ದಳು,
ತೊಂಬತ್ತೊಂದು ವರ್ಷ, ತಲೆಗೆ ಹಸಿರು ಟೊಪ್ಪಿ.
ಪುಸ್ತಕದ ಖಾಲಿ ಹಾಳೆಯ ಮೇಲೆ ನಾನು
ಪೆನ್ಸಿಲಿನಲ್ಲಿ ಹಳ್ಳ ಬರೆಯುತ್ತಿದ್ದೆ, ನೆನಪಿನಿಂದ.
'ಇಲ್ಲಿ ಎಡಕ್ಕೆ ತಿರುಗುತ್ತದೆ' ಎಂದು ಪೆನ್ಸಿಲು ಕಸಿದುಕೊಂಡಳು,
'ನನ್ನ ಪಿಯಾನೊದ ಕೆಳಗೆ.
ಥಂಡಿ ಹಿಡಿದು ಒಂದು ಸ್ವರ
ಅರವತ್ತು ವರ್ಷದಿಂದ ಕೆಟ್ಟಿದೆ. ರಿಪೇರಿಯವರನ್ನು
ಕರೆಸಿ ಸಾಕಾಯಿತು.'